ಡಿಜಿಟಲ್ ಆಂಪ್ಲಿಫೈಯರಿನಲ್ಲಿ ಪವರ್ ಸಪ್ಲೈ ದೋಷ: ತಿದ್ದುವ ದಾರಿಗಳ ವಿಮರ್ಶೆ

ಕ್ಲಾಸ್-ಡಿ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಒಂದೋ ಪೂರ್ತಿ ಆನ್ ಆಗಿರುತ್ತವೆ, ಇಲ್ಲವೇ ಪೂರ್ತಿ ಆಫ್ ಆಗಿರುತ್ತವೆ. ಸೆಕೆಂಡಿಗೆ ಕೆಲವು ಲಕ್ಷ ಸಲ ನಡೆಯುವ ಈ ಸ್ವಿಚಿಂಗ್‌ನಲ್ಲಿ ಪಲ್ಸುಗಳ ಅಗಲ ಧ್ವನಿಸಂಕೇತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಇಂಡಕ್ಟರ್ ಮತ್ತು ಕೆಪಾಸಿಟರ್‌ಗಳ ಫಿಲ್ಟರು ಈ ಪಲ್ಸುಗಳ ಸರಾಸರಿಯನ್ನು ಸ್ಪೀಕರಿಗೆ ಒಪ್ಪಿಸುತ್ತದೆ. ಅಗಲವನ್ನು ಡಿಜಿಟಲ್ ಲೆಕ್ಕಾಚಾರ ತೀರ್ಮಾನಿಸುತ್ತದೆ, ಎತ್ತರವನ್ನು ಮಾತ್ರ ಪವರ್ ಸಪ್ಲೈ. ಹೀಗಾಗಿ ಸ್ಪೀಕರಿಗೆ ಸಿಗುವ ವೋಲ್ಟೇಜು ಇವೆರಡರ ಗುಣಲಬ್ಧ. ಹಳೆಯ ಲೀನಿಯರ್ ಆಂಪ್ಲಿಫೈಯರಿನಲ್ಲಿ ಸಪ್ಲೈ ಅಲುಗಾಡಿದರೂ ಟ್ರಾನ್ಸಿಸ್ಟರುಗಳು ಅದನ್ನು ಬಹುಮಟ್ಟಿಗೆ ತಮ್ಮಲ್ಲೇ ನುಂಗಿಕೊಳ್ಳುತ್ತವೆ. ಇಲ್ಲಿ ಆ ಆಸರೆಯಿಲ್ಲ. ಫೀಡ್‌ಬ್ಯಾಕ್ ಇಲ್ಲದ ಡಿಜಿಟಲ್ ಆಂಪ್ಲಿಫೈಯರಿನಲ್ಲಿ ಸಪ್ಲೈ ಎಂದರೆ ಡಿಜಿಟಲ್-ಅನಲಾಗ್ ಪರಿವರ್ತಕದ ರೆಫರೆನ್ಸ್ ವೋಲ್ಟೇಜೇ ಸರಿ. ಅದರ ಶೇ. 1ರ ದೋಷ ಧ್ವನಿಯಲ್ಲೂ ಶೇ. 1ರ ದೋಷವಾಗುತ್ತದೆ.

ಈ ಗುಣವನ್ನು ಬೇಕೆಂದೇ ಬಳಸಿಕೊಂಡವರೂ ಇದ್ದಾರೆ. 1990ರ ದಶಕದ ಕೊನೆಯಲ್ಲಿ ಬಂದ ಟ್ಯಾಕ್ಟ್ ಮಿಲೇನಿಯಂ ಆಂಪ್ಲಿಫೈಯರಿನಲ್ಲಿ ಸಪ್ಲೈ ವೋಲ್ಟೇಜನ್ನು ಏರಿಸಿ ಇಳಿಸಿಯೇ ವಾಲ್ಯೂಮ್ ಹೊಂದಿಸಲಾಗುತ್ತಿತ್ತು. ಸೋನಿಯ ಎಸ್-ಮಾಸ್ಟರ್ ಪ್ರೊ ಕೂಡ ಪಲ್ಸಿನ ಎತ್ತರವನ್ನು ಹಾಗೆಯೇ ಬಳಸಿತು. ಸದ್ದು ತಗ್ಗಿಸಿದಾಗ ಡಿಜಿಟಲ್ ಬಿಟ್‌ಗಳು ವ್ಯರ್ಥವಾಗವು ಎಂಬುದು ಇದರ ಲಾಭ. ವೋಲ್ಟೇಜನ್ನು ಅಷ್ಟು ಚೊಕ್ಕವಾಗಿ ಇಡಬೇಕಾದ ಸಪ್ಲೈಯ ಖರ್ಚು ಇದರ ಬೆಲೆ.

ಬೇಡದ ಏರಿಳಿತ ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಮೇನ್ಸ್‌ನ ರಿಪಲ್. ಭಾರತದಂತೆ 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ರೆಕ್ಟಿಫೈಯರ್ ದಾಟಿದ ಮೇಲೆ ಅದು 100 ಹರ್ಟ್ಸ್. ಸಪ್ಲೈ 50 ವೋಲ್ಟ್ ಇದ್ದು, ಅದರ ಮೇಲೂ ಕೆಳಗೂ 1 ವೋಲ್ಟ್ ರಿಪಲ್ ಇದೆ ಎನ್ನೋಣ. 1000 ಹರ್ಟ್ಸ್‌ನ ಸ್ವರ ನುಡಿಸಿದರೆ ಅದರ ಜೊತೆಗೆ 900 ಮತ್ತು 1100 ಹರ್ಟ್ಸ್‌ನಲ್ಲಿ ಎರಡು ಹೊಸ ಸ್ವರಗಳು ಹುಟ್ಟುತ್ತವೆ. ಒಂದೊಂದೂ ಮೂಲ ಸ್ವರದ ನೂರನೇ ಒಂದು ಪಾಲು, ಅಂದರೆ 40 ಡೆಸಿಬೆಲ್ ಕೆಳಗೆ. ಮೂಲ ಸ್ವರದ ಹಾರ್ಮೋನಿಕ್ ಸರಣಿಗೆ ಸೇರದ ಸ್ವರಗಳಿವು.

ಎರಡನೆಯದು ಹೊರೆಯಿಂದಾಗುವ ಕುಸಿತ. ಸ್ಪೀಕರಿನ ಎರಡೂ ತುದಿಗಳನ್ನು ಸ್ವಿಚ್ ಮಾಡುವ ಫುಲ್-ಬ್ರಿಡ್ಜ್ ಆಂಪ್ಲಿಫೈಯರ್ 20 ಹರ್ಟ್ಸ್‌ನ ಬೇಸ್ ಸ್ವರ ನುಡಿಸುವಾಗ ಪ್ರತಿ ಆವರ್ತದಲ್ಲೂ ಎರಡು ಸಲ ಸಪ್ಲೈಯಿಂದ ಕರೆಂಟ್ ಎಳೆಯುತ್ತದೆ. ಆದ್ದರಿಂದ ಸಪ್ಲೈ 40 ಹರ್ಟ್ಸ್‌ನಲ್ಲಿ ಕುಸಿದು ಏಳುತ್ತದೆ. ಈ 40 ಹರ್ಟ್ಸ್ ಮೂಲದ 20 ಹರ್ಟ್ಸ್ ಜೊತೆ ಗುಣಿಸಿಕೊಂಡು 60 ಹರ್ಟ್ಸ್ ಹುಟ್ಟಿಸುತ್ತದೆ. ಆಂಪ್ಲಿಫೈಯರಿನ ಮೂರನೇ ಹಾರ್ಮೋನಿಕ್ ದೋಷವೆಂದು ಅಳತೆಯಲ್ಲಿ ಕಾಣುವುದರ ಒಂದು ಪಾಲು ನಿಜಕ್ಕೂ ಸಪ್ಲೈಯದು.

ಮೂರನೆಯದು ಬಸ್ ಪಂಪಿಂಗ್. ಸ್ಪೀಕರಿನ ಒಂದೇ ತುದಿಯನ್ನು ಸ್ವಿಚ್ ಮಾಡುವ ಹಾಫ್-ಬ್ರಿಡ್ಜ್ ವಿನ್ಯಾಸದಲ್ಲಿ ಇಂಡಕ್ಟರು ಸಪ್ಲೈಯ ಒಂದು ರೈಲಿನಿಂದ (ಧನ ಅಥವಾ ಋಣ ವೋಲ್ಟೇಜಿನ ಸಾಲಿನಿಂದ) ಪಡೆದ ಶಕ್ತಿಯ ಒಂದಿಷ್ಟನ್ನು ಎದುರಿನ ರೈಲಿಗೆ ತುಂಬಿ ಅದರ ವೋಲ್ಟೇಜನ್ನು ಮೇಲಕ್ಕೆ ತಳ್ಳುತ್ತದೆ. ಕೆಳ ಸ್ವರಗಳಲ್ಲಿ ಇದರ ಕಾಟ ಹೆಚ್ಚು. ಸ್ಟೀರಿಯೊದ ಒಂದು ಚಾನೆಲನ್ನು ತಲೆಕೆಳಗಾಗಿ ನಡೆಸಿ, ಆ ಸ್ಪೀಕರಿನ ತಂತಿಗಳನ್ನು ಅದಲುಬದಲು ಮಾಡಿದರೆ ಎರಡು ಚಾನೆಲುಗಳ ಪಂಪಿಂಗ್ ಬಹುಪಾಲು ಒಂದನ್ನೊಂದು ಕಳೆದುಹಾಕುತ್ತವೆ. ಖರ್ಚಿಲ್ಲದ ಈ ಉಪಾಯಕ್ಕೆ ಸಿಗಬೇಕಾದಷ್ಟು ಮಾನ್ಯತೆ ಸಿಕ್ಕಿಲ್ಲ.

ಡೇಟಾಶೀಟುಗಳು ಈ ದೋಷವನ್ನು ಅಳೆಯುವ ರೀತಿಯೇ ಸರಿಯಿಲ್ಲ. ಸಪ್ಲೈಯ ಏರಿಳಿತವನ್ನು ಎಷ್ಟು ತಡೆಯುತ್ತದೆಂದು ಹೇಳುವ ಪಿಎಸ್‌ಆರ್‌ಆರ್ ಎಂಬ ಅಂಕಿಯನ್ನು ಸಾಮಾನ್ಯವಾಗಿ ಇನ್‌ಪುಟ್ಟನ್ನು ಗ್ರೌಂಡ್ ಮಾಡಿ, ಸಪ್ಲೈಗೆ ರಿಪಲ್ ಬೆರೆಸಿ, ಔಟ್‌ಪುಟ್ಟಿನಲ್ಲಿ ಎಷ್ಟು ಬಂತೆಂದು ನೋಡಿ ಪಡೆಯುತ್ತಾರೆ. ಫುಲ್-ಬ್ರಿಡ್ಜ್‌ನಲ್ಲಿ ಸಂಕೇತವಿಲ್ಲದಾಗ ಸ್ಪೀಕರಿನ ಎರಡು ತುದಿಗಳೂ ಒಂದೇ ತೆರನಾಗಿ ಅಲುಗುತ್ತವೆ. ಸ್ಪೀಕರಿಗೆ ಏನೂ ಕಾಣದು, ಅಂಕಿ ಸೊಗಸಾಗಿ ಬರುತ್ತದೆ. ಹಾಡು ಶುರುವಾದೊಡನೆ ಆ ಸಮತೋಲ ಮುರಿದು ಮೇಲೆ ಹೇಳಿದ ಗುಣಾಕಾರ ನಡೆಯುತ್ತದೆ. ಮೌನದಲ್ಲಿ ಅಳೆದ ಅಂಕಿಯನ್ನು ಸಂಗೀತದ ಗುಣಮಟ್ಟವೆಂದು ಮಾರುವುದು ಓದುಗರ ಕಣ್ಣಿಗೆ ಮಣ್ಣೆರಚುವ ಕೆಲಸ. ಸ್ವರ ನುಡಿಸುತ್ತಲೇ ಸಪ್ಲೈಗೆ ರಿಪಲ್ ಬೆರೆಸಿ, ಅಕ್ಕಪಕ್ಕ ಹುಟ್ಟುವ ಸ್ವರಗಳನ್ನು ಅಳೆಯುವುದೇ ನ್ಯಾಯವಾದ ಪರೀಕ್ಷೆ.

ತಿದ್ದುವ ದಾರಿಗಳಲ್ಲಿ ಡಿಜಿಟಲ್ ಮನೋಧರ್ಮಕ್ಕೆ ಹೆಚ್ಚು ಒಪ್ಪುವುದು ಫೀಡ್‌ಫಾರ್ವರ್ಡ್. ಸಪ್ಲೈ ವೋಲ್ಟೇಜನ್ನು ಎಡಿಸಿಯಿಂದ (ಅನಲಾಗ್-ಡಿಜಿಟಲ್ ಪರಿವರ್ತಕದಿಂದ) ಅಳೆದು, ಅದು ಎಷ್ಟು ಕುಸಿದಿದೆಯೋ ಅಷ್ಟೇ ಅನುಪಾತದಲ್ಲಿ ಪಲ್ಸಿನ ಅಗಲವನ್ನು ಹೆಚ್ಚಿಸುವುದು ಇದರ ಸೂತ್ರ. ಸಿರಸ್ ಲಾಜಿಕ್ ಕಂಪನಿ ತನ್ನ ಸಿಎಸ್44600 ಪಿಡಬ್ಲ್ಯುಎಂ (ಪಲ್ಸಿನ ಅಗಲ ಬದಲಿಸುವ) ಚಿಪ್ಪಿಗೆ ಜೊತೆಯಾಗಿ ಸಿಎಸ್4461 ಎಂಬ ಎಡಿಸಿಯನ್ನು ಈ ಕೆಲಸಕ್ಕೆಂದೇ ತಂದಿತ್ತು. ಕಾಗದದ ಮೇಲೆ ಇದು ನಿರ್ದುಷ್ಟ ಪರಿಹಾರ. ಕಾರ್ಯದಲ್ಲಿ ಎರಡು ಕಡೆ ಸೋರುತ್ತದೆ.

ಒಂದು, ಅಳತೆಯ ನಿಖರತೆ. ಎಡಿಸಿ ರಿಪಲ್ಲನ್ನು ಶೇ. 1ರಷ್ಟು ತಪ್ಪಾಗಿ ಓದಿದರೆ ತಿದ್ದುಪಡಿ 40 ಡೆಸಿಬೆಲ್‌ಗೆ ಮೇಲೆ ಹೋಗದು. ಇನ್ನೊಂದು, ಮತ್ತು ಹೆಚ್ಚು ಕಾಡುವುದು, ತಡ. ಅಳೆದು, ಲೆಕ್ಕಹಾಕಿ, ಪಲ್ಸ್ ಬದಲಿಸಲು 50 ಮೈಕ್ರೋಸೆಕೆಂಡ್ ಹಿಡಿಯಿತೆಂದರೆ 100 ಹರ್ಟ್ಸ್ ರಿಪಲ್ 30 ಡೆಸಿಬೆಲ್ ತಗ್ಗುತ್ತದೆ, 1000 ಹರ್ಟ್ಸ್‌ನದು ಬರೀ 10 ಡೆಸಿಬೆಲ್. ಸುಮಾರು 3300 ಹರ್ಟ್ಸ್‌ನಲ್ಲಿ ಲಾಭ ಸೊನ್ನೆ. ಅಲ್ಲಿಂದ ಮೇಲೆ ತಿದ್ದುಪಡಿಯೇ ದೋಷವನ್ನು ಹೆಚ್ಚಿಸುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ಓಡುವ ಎಡಿಸಿಯ ಫಿಲ್ಟರು 10 ಸ್ಯಾಂಪಲ್‌ಗಳಷ್ಟು ತಡಮಾಡಿದರೆ ತಡ 208 ಮೈಕ್ರೋಸೆಕೆಂಡಿಗೆ ಏರಿ, ಲಾಭ 800 ಹರ್ಟ್ಸ್‌ನಲ್ಲೇ ಮುಗಿಯುತ್ತದೆ. ಹಾಡನ್ನು ಬಫರಿನಲ್ಲಿ ತಡೆದಿಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ದೋಷ ಇರುವುದು ಹಾಡಿನಲ್ಲಲ್ಲ, ಆ ಕ್ಷಣದ ವೋಲ್ಟೇಜಿನಲ್ಲಿ. ಇದಲ್ಲದೆ ಟ್ರಾನ್ಸಿಸ್ಟರುಗಳ ಡೆಡ್-ಟೈಮ್ (ಎರಡೂ ಆಫ್ ಆಗಿರುವ ಚಿಕ್ಕ ಅವಧಿ), ಅವುಗಳ ಆಂತರಿಕ ರೋಧ, ಎಡಿಸಿ ಅಳೆಯುವ ಜಾಗದಿಂದ ಟ್ರಾನ್ಸಿಸ್ಟರಿನವರೆಗಿನ ಟ್ರ್ಯಾಕಿನ ವೋಲ್ಟೇಜ್ ಇಳಿತ ಯಾವುದೂ ಈ ವಿಧಾನದ ಕಣ್ಣಿಗೆ ಬೀಳದು. ಆದರೂ ಮೇನ್ಸ್ ರಿಪಲ್ ಮತ್ತು ಬೇಸ್‌ನಿಂದಾಗುವ ನಿಧಾನ ಕುಸಿತಕ್ಕೆ, ಕಡಿಮೆ ಬೆಲೆಯ ಬಹು-ಚಾನೆಲ್ ರಿಸೀವರುಗಳಲ್ಲಿ ಇದು ಉಪಯುಕ್ತವೇ.

ಅನಲಾಗ್ ಇನ್‌ಪುಟ್ಟಿನ ಕ್ಲಾಸ್-ಡಿಯಲ್ಲಿ ಇದೇ ತತ್ವ ಹೆಚ್ಚು ಸಲೀಸು. ಹೋಲಿಕೆಗೆ ಬಳಸುವ ತ್ರಿಕೋನ ತರಂಗದ ಎತ್ತರವನ್ನು ಸಪ್ಲೈಗೆ ತಕ್ಕಂತೆ ಏರಿಳಿಸಿದರೆ ಎಡಿಸಿಯೂ ಬೇಡ, ಅದರ ತಡವೂ ಇಲ್ಲ.

ಫೀಡ್‌ಬ್ಯಾಕ್ ಬೇರೆ ಜಾತಿಯದು. ಅದು ಕಾರಣ ಹುಡುಕುವುದಿಲ್ಲ, ಫಲಿತಾಂಶವನ್ನು ನೋಡಿ ತಿದ್ದುತ್ತದೆ. ಫಿಲಿಪ್ಸ್‌ನಲ್ಲಿದ್ದಾಗ ಬ್ರೂನೊ ಪುಟ್ಸೆಯ್ಸ್ ರೂಪಿಸಿದ ಯುಸಿಡಿ ವಿನ್ಯಾಸ ಫಿಲ್ಟರಿನ ಆಚೆ, ಸ್ಪೀಕರಿನ ತುದಿಯಿಂದಲೇ ಸಂಕೇತವನ್ನು ಮರಳಿ ಪಡೆಯಿತು. ಇದರಿಂದ ಸಪ್ಲೈ ದೋಷ, ಡೆಡ್-ಟೈಮ್, ಫಿಲ್ಟರಿನ ವಕ್ರತೆ ಮೂರೂ ಒಂದೇ ಲೂಪಿನೊಳಗೆ ಬಂದವು. ಆದರೆ ಪೂರ್ಣ ಡಿಜಿಟಲ್ ಆಂಪ್ಲಿಫೈಯರಿನಲ್ಲಿ ಮರಳಿ ಬರುವ ಅನಲಾಗ್ ಸಂಕೇತವನ್ನು ಯಾವುದರೊಡನೆ ಹೋಲಿಸುವುದು ಎಂಬ ಪ್ರಶ್ನೆ ಏಳುತ್ತದೆ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಾರ್ಸ್ಟನ್ ನೀಲ್ಸನ್ 1990ರ ದಶಕದಲ್ಲಿ ಕೊಟ್ಟ ಉತ್ತರದ ಹೆಸರು ಪೆಡೆಕ್. ಸ್ವಚ್ಛವಾದ ಡಿಜಿಟಲ್ ಪಲ್ಸನ್ನೇ ಮಾದರಿಯಾಗಿಟ್ಟು, ಟ್ರಾನ್ಸಿಸ್ಟರುಗಳಿಂದ ಬಂದ ಪಲ್ಸನ್ನು ಅದರೊಡನೆ ಹೋಲಿಸಿ, ಮುಂದಿನ ಪಲ್ಸಿನ ಅಂಚುಗಳನ್ನು ಹಿಂದೆಮುಂದೆ ಸರಿಸುವುದು ಅದರ ಕ್ರಮ. ಝೆಟೆಕ್ಸ್ ಕಂಪನಿಯ ಡಿಡಿಎಫ್‌ಎ ಈ ಹೋಲಿಕೆಯಲ್ಲಿ ಉಳಿದ ವ್ಯತ್ಯಾಸವನ್ನಷ್ಟೇ ಎಡಿಸಿಗೆ ಕೊಟ್ಟಿತು. ಇಡೀ ಸಂಕೇತವನ್ನು ಅಳೆಯುವುದಕ್ಕಿಂತ ಚಿಕ್ಕ ವ್ಯತ್ಯಾಸವನ್ನು ಅಳೆಯುವುದು ಸುಲಭ, ಎಡಿಸಿಯ ದೋಷವೂ ಅಷ್ಟೇ ಚಿಕ್ಕದಾಗುತ್ತದೆ. 2009ರ ನ್ಯಾಡ್ ಎಂ2 ಈ ತಂತ್ರದಿಂದಲೇ ಹೆಸರಾಯಿತು. ಡಿಜಿಟಲ್ ದಾರಿ ಬಿಡದೆ ಸಪ್ಲೈ ದೋಷವನ್ನು ಎದುರಿಸಿದ ವಿನ್ಯಾಸಗಳಲ್ಲಿ ಇದು ಎಲ್ಲಕ್ಕಿಂತ ಜಾಣತನದ್ದು.

ಇತಿಹಾಸದ ತೀರ್ಪು ಮಾತ್ರ ಒಂದೇ ಕಡೆ ವಾಲಿದೆ. ಟ್ಯಾಕ್ಟ್ ಮಿಲೇನಿಯಂನ ಹಿಂದಿದ್ದ ಟೊಕ್ಕಾಟಾ ಟೆಕ್ನಾಲಜಿಯನ್ನು 2000ದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು. ಆ ಫೀಡ್‌ಬ್ಯಾಕ್-ರಹಿತ ತಂತ್ರದ ಪ್ರಮುಖ ರೂವಾರಿ ಲಾರ್ಸ್ ರಿಸ್ಬೊ ಮುಂದೆ ಪುಟ್ಸೆಯ್ಸ್ ಜೊತೆಗೂಡಿ ಪ್ಯೂರಿಫೈ ಕಂಪನಿ ಕಟ್ಟಿದರು. ಅದರ ಐಗನ್‌ಟ್ಯಾಕ್ಟ್ ಆಂಪ್ಲಿಫೈಯರ್ ನಿಂತಿರುವುದೇ ಪ್ರಬಲ ಫೀಡ್‌ಬ್ಯಾಕ್ ಲೂಪಿನ ಮೇಲೆ.

ಯಾವ ದಾರಿ ಹಿಡಿದರೂ ಒಂದು ಮಿತಿ ಉಳಿದೇ ಉಳಿಯುತ್ತದೆ. ಸಪ್ಲೈ ಕುಸಿದಾಗ ಪಲ್ಸನ್ನು ಅಗಲಿಸಿದರೆ ಆಂಪ್ಲಿಫೈಯರ್ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ, ಬಡಕಲು ಸಪ್ಲೈ ಇನ್ನಷ್ಟು ಕುಸಿಯುತ್ತದೆ. ಅಲ್ಲದೆ ಪಲ್ಸನ್ನು ನೂರಕ್ಕೆ ನೂರಕ್ಕಿಂತ ಅಗಲಿಸಲಾಗದು. ಶೇ. 10ರ ಕುಸಿತವನ್ನು ತಿದ್ದಬೇಕಾದರೆ ಅಷ್ಟು ವೋಲ್ಟೇಜನ್ನು ಮೊದಲೇ ಮೀಸಲಿಡಬೇಕು, ಅದರ ಬೆಲೆ ಗರಿಷ್ಠ ಪವರಿನಲ್ಲಿ ಶೇ. 19. ಆ ಮೀಸಲು ಮುಗಿದಾಗ ಅತಿ ಉತ್ತಮ ಲೂಪೂ ಕೈಚೆಲ್ಲುತ್ತದೆ, ಸಪ್ಲೈಯ ರಿಪಲ್ ನೇರವಾಗಿ ಸ್ಪೀಕರಿಗೆ ಇಳಿಯುತ್ತದೆ. ಅಲ್ಲಿ ಉಳಿಯುವ ಮದ್ದು ದೊಡ್ಡ ಕೆಪಾಸಿಟರುಗಳು ಮತ್ತು ಗಟ್ಟಿಯಾದ ಸಪ್ಲೈ ಮಾತ್ರ.