ನೊರೆ ಇಳಿದ ಮೇಲೆ

ನಾಟಕ ನೋಡಿ ಬಂದವರನ್ನು 'ಹೇಗಿತ್ತು?' ಎಂದು ಕೇಳಿದರೆ 'ಚೆನ್ನಾಗಿತ್ತು' ಎಂದು ಹೇಳಿ ಚಪ್ಪಲಿ ಬಿಡುತ್ತಾರೆ. ಮದುವೆಯ ಊಟ ಮುಗಿಸಿ ಬಂದವರು ಹಾಗಲ್ಲ. ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು, ಹೋಳಿಗೆಯ ಕಣಕ ಸರಿಯಾಗಿ ನೆನೆದಿರಲಿಲ್ಲ, ಪಾಯಸ ತಳ ಹತ್ತಿತ್ತು, ಆದರೆ ಕೋಸಂಬರಿ ಮಾತ್ರ ಹೆಸರಿಡುವಂತಿರಲಿಲ್ಲ ಎಂದು ಸಾಲಾಗಿ ಹೇಳುತ್ತಾರೆ. ಕನ್ನಡದ ನಿಜವಾದ ವಿಮರ್ಶಕರು ಇರುವುದು ಊಟದ ಪಂಕ್ತಿಯಲ್ಲೇ ಎಂದರೆ ಸಾಹಿತ್ಯದ ವಿಮರ್ಶಕರು ಮುನಿಸಿಕೊಳ್ಳಬಾರದು.

ಆದರೆ ಇದೇ ಜನ ಬ್ರೂಪಬ್ಬಿಗೆ, ಅಂದರೆ ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಬಡಿಸುವ ಸಣ್ಣ ಪಾನಗೃಹಕ್ಕೆ ಹೋದರೆ ಮೂಕರಾಗಿಬಿಡುತ್ತಾರೆ. 'ಸೂಪರ್' ಎಂಬ ಒಂದು ಮಾತು, ಇಲ್ಲವಾದರೆ 'ಅಷ್ಟೇನಿಲ್ಲ' ಎಂಬ ಇನ್ನೊಂದು ಮಾತು. ಲೋಟವೊಂದಕ್ಕೆ ಮುನ್ನೂರೈವತ್ತು ರೂಪಾಯಿ ತೆತ್ತು ಬಂದವರ ಬಾಯಿಯಿಂದ ಅಷ್ಟೇ ಹೊರಡುವುದಾದರೆ ನಷ್ಟ ಹಣದ್ದು ಮಾತ್ರವಲ್ಲ. ಈ ಮೂಕತನದ ಬಗ್ಗೆಯೇ ನಮ್ಮ ಲೇಖನ.

ಈ ಪದಾರ್ಥ ನಮ್ಮ ಊರುಗಳಿಗೆ ಬಂದು ಬಹಳ ಕಾಲವಾಗಿಲ್ಲ. 2009ರಲ್ಲಿ ಪುಣೆಯಲ್ಲಿ ಡೂಲ್ಯಾಲಿ ಎಂಬ ಬ್ರೂಪಬ್ ಆರಂಭವಾಯಿತು. ಆ ಇಂಗ್ಲಿಷ್ ಪದಕ್ಕೆ ತಲೆ ಕೆಟ್ಟವನು ಎಂಬ ಅರ್ಥ. ಹುಟ್ಟಿದ್ದು ನಾಸಿಕದ ಬಳಿಯ ದೇವಳಾಲಿಯಲ್ಲಿ, ಊರಿಗೆ ಮರಳಲು ಹಡಗಿಗಾಗಿ ಕಾದು ಕಾದು ಬೇಸತ್ತ ಬಿಳಿಯ ಸಿಪಾಯಿಗಳ ಶಿಬಿರದಲ್ಲಿ. ಅದಾದ ಒಂದೆರಡು ವರ್ಷಗಳಲ್ಲೇ ಬೆಂಗಳೂರಿನಲ್ಲಿ ಟಾಯ್ಟ್, ಬಿಯರ್ ಕ್ಲಬ್ ಮುಂತಾದವು ತೆರೆದವು. ಈಗ ಪುಣೆ, ಮುಂಬಯಿಗಳಲ್ಲಿ ಶನಿವಾರ ಸಂಜೆ ನಮ್ಮ ಮನೆಗಳ ಹುಡುಗ ಹುಡುಗಿಯರು ಅಲ್ಲಿ ಕೂರುವುದು ಗುಟ್ಟಿನ ಸಂಗತಿಯಾಗಿ ಉಳಿದಿಲ್ಲ.

ಹಿರಿಯ ಓದುಗರು ಹುಬ್ಬು ಗಂಟಿಕ್ಕಬಹುದು. ಕುಡಿತ ಎಷ್ಟು ಮನೆಗಳ ಒಲೆ ಆರಿಸಿದೆ ಎಂಬುದನ್ನು ಬಲ್ಲವರು ನಾವು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾದದ್ದನ್ನೂ, ಅದರ ಹಿಂದಿದ್ದ ಹೆಂಗಸರ ಕಣ್ಣೀರನ್ನೂ ಮರೆತಿಲ್ಲ. ಈ ಬರಹ ಕುಡಿಯದವರನ್ನು ಕುಡಿಯಲು ಕರೆಯುವುದಿಲ್ಲ. ಆದರೆ ರುಚಿ ನೋಡುವುದು ಬೇರೆ, ಕುಡಿಯುವುದು ಬೇರೆ. ರುಚಿ ನೋಡಬಲ್ಲವನು ಸಾಮಾನ್ಯವಾಗಿ ಕಡಮೆಯಲ್ಲೇ ನಿಲ್ಲುತ್ತಾನೆ. ಅಲ್ಲದೆ, ಪಂಪಭಾರತದಲ್ಲಿಯೇ ಪಾನಗೋಷ್ಠಿಯ ವರ್ಣನೆ ಇದೆ. ಹತ್ತನೆಯ ಶತಮಾನದ ಆದಿಕವಿಗೆ ಅಡ್ಡಿಯಾಗದ ವಿಷಯ ನಮಗೇಕೆ ಅಡ್ಡಿಯಾಗಬೇಕು?

ಬಿಯರ್ ಮಾಡುವ ವಿಧಾನದಲ್ಲಿ ನಮ್ಮ ಅಡುಗೆಮನೆಗೆ ಹೊಸದೆನಿಸುವುದು ತೀರಾ ಕಡಮೆ. ಮಗುವಿಗೆ ಸರಿ ಮಾಡಲು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿಯುತ್ತೇವಲ್ಲ, ಬಾರ್ಲಿಗೂ ಅದೇ ಸಂಸ್ಕಾರ. ಅದೇ ಮಾಲ್ಟ್. ಅದನ್ನು ಒಡೆದು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಂದಿಗೆ ಕುದಿಸಿದರೆ ಕಹಿಯೂ ಪರಿಮಳವೂ ಸೇರುತ್ತವೆ. ಆರಿಸಿ ಯೀಸ್ಟ್ ಹಾಕಿದ ಮೇಲೆ ಉಳಿದದ್ದೆಲ್ಲ ಆ ಕಣ್ಣಿಗೆ ಕಾಣದ ಜೀವಿಯ ಕೆಲಸ. ಏಲ್ ಜಾತಿಯ ಬಿಯರಾದರೆ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಎರಡು ಮೂರು ವಾರದೊಳಗೆ ಸಿದ್ಧ. ಲಾಗರ್ ಜಾತಿಯದು ಹತ್ತು ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿ, ಇನ್ನೂ ತಂಪಿನಲ್ಲಿ ವಾರಗಟ್ಟಲೆ ಮಲಗಬೇಕು. ಬವೇರಿಯದ ಅರಸರು 1516ರಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮೂರೇ ಸಾಕೆಂದು ಕಟ್ಟಳೆ ಮಾಡಿದಾಗ ಯೀಸ್ಟಿನ ಹೆಸರೇ ಎತ್ತಿರಲಿಲ್ಲ. ಅದನ್ನು ಶುದ್ಧವಾಗಿ ಬೇರ್ಪಡಿಸಿ ಬೆಳೆಸಿದ್ದು 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಹ್ಯಾನ್ಸನ್.

ಅಳೆಯುವ ಶಾಸ್ತ್ರ ಇನ್ನೂ ಈಚಿನದು. ಮೈಕೆಲ್ ಜಾಕ್ಸನ್ ಎಂಬ ಆಂಗ್ಲ ಪತ್ರಕರ್ತ (ಹಾಡಿ ಕುಣಿದವನಲ್ಲ, ಬೇರೆ) 1977ರಲ್ಲಿ ಲೋಕದ ಬಿಯರುಗಳನ್ನು ಜಾತಿವಾರು ವಿಂಗಡಿಸಿ ಪುಸ್ತಕ ಬರೆದ. ಅದೇ ದಶಕದಲ್ಲಿ ಮಾರ್ಟನ್ ಮೈಲ್ಗಾರ್ಡ್ ಎಂಬ ವಿಜ್ಞಾನಿ ಬಿಯರಿನ ರುಚಿ ವಾಸನೆಗಳನ್ನು ಒಂದು ಚಕ್ರದಲ್ಲಿ ಹೊಂದಿಸಿಕೊಟ್ಟ. 1985ರಲ್ಲಿ ಅಮೆರಿಕದಲ್ಲಿ ಪರೀಕ್ಷಕರ ಸಂಘವೇ ಹುಟ್ಟಿತು. ಅವರ ಅಂಕಪಟ್ಟಿ ಐವತ್ತರದು: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ಹದಕ್ಕೆ 5, ಒಟ್ಟು ಪರಿಣಾಮಕ್ಕೆ 10. ನೋಟಕ್ಕೆ ಬರಿಯ ಮೂರು ಅಂಕ ಎಂಬುದನ್ನು ಗಮನಿಸಬೇಕು. ಬಣ್ಣದ ದೀಪದ ಕೆಳಗೆ ನೊರೆಯ ಫೋಟೋ ಹಿಡಿದು ಹೋಗುವವರು ಐವತ್ತರಲ್ಲಿ ನಲವತ್ತೇಳು ಅಂಕಗಳನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಾರೆ.

ಈ ಪಟ್ಟಿಯನ್ನು ಹಿಡಿದು ನಾವು ನಾಲ್ವರು ಪುಣೆಯ ಒಂದು ಸಣ್ಣ ಬ್ರೂಪಬ್ಬಿನಲ್ಲಿ ಐದು ಬಿಯರುಗಳನ್ನು ಪರೀಕ್ಷಿಸಿದೆವು. ಅದರ ಹೆಸರು ಇಲ್ಲಿ ಬೇಡ. ನಮಗೆ ಬೇಕಾದದ್ದು ಗುಣದೋಷ, ಜಾಹೀರಾತೂ ಅಲ್ಲ, ಜಗಳವೂ ಅಲ್ಲ. ನೂರು ಮಿಲಿಲೀಟರಿನ ಐದು ಪುಟ್ಟ ಲೋಟಗಳು, ನಾಲ್ವರಿಗೂ ಸೇರಿ. ತಿನ್ನಲು ಬರಿಯ ಉಪ್ಪಿಲ್ಲದ ಬ್ರೆಡ್ಡು, ನಡುವೆ ನೀರು. ಮಸಾಲೆ ಕಡಲೆಬೀಜ ಬಂದ ಕೂಡಲೇ ವಾಪಸು ಕಳುಹಿಸಿದೆವು. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ಬರೆದು ಕೊನೆಗೆ ಸರಾಸರಿ ತೆಗೆದದ್ದು.

ಮೊದಲನೆಯದು ಗೋಧಿಯ ಬಿಯರ್, ಜರ್ಮನ್ನರ ಹೆಫೆವೈಜನ್. ಕಾಳಿನಲ್ಲಿ ಅರ್ಧಕ್ಕೂ ಮಿಗಿಲು ಗೋಧಿಯ ಮಾಲ್ಟ್. ಮೂಗಿಗೆ ಮೊದಲು ಮಾಗಿದ ಬಾಳೆಹಣ್ಣು, ಹಿಂದೆಯೇ ಲವಂಗ. ಬಾಳೆಯನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಎರಡೂ ಯೀಸ್ಟಿನ ಕೊಡುಗೆ. ಬಾಳೆ ಮೇಲುಗೈಯಾದರೆ ರಸಾಯನ ಕುಡಿದಂತಾಗುತ್ತದೆ, ಲವಂಗ ಮೇಲುಗೈಯಾದರೆ ಹಲ್ಲುನೋವಿನ ಔಷಧ ನೆನಪಾಗುತ್ತದೆ. ಇಲ್ಲಿ ಎರಡೂ ಜುಗಲಬಂದಿಯಲ್ಲಿ ಒಬ್ಬರಿಗೊಬ್ಬರು ಎಡೆಗೊಟ್ಟಂತೆ ಇದ್ದವು. ನೊರೆ ಕೊನೆಯವರೆಗೂ ನಿಂತಿತು. ಐವತ್ತಕ್ಕೆ 39.

ಎರಡನೆಯದು ಪಿಲ್ಸ್‌ನರ್. 1842ರಲ್ಲಿ ಬೊಹೀಮಿಯದ ಪಿಲ್ಸೆನ್ ಊರಿನಲ್ಲಿ ಹುಟ್ಟಿದ ಈ ಹೊಂಬಣ್ಣದ ಲಾಗರಿನ ಸಂತತಿಯೇ ಇಂದು ಜಗತ್ತಿನ ಬಾಟಲಿಗಳಲ್ಲಿ ಬಹುಪಾಲು. ಇದರಲ್ಲಿ ಬಚ್ಚಿಡಲು ಜಾಗವಿಲ್ಲ. ತಿಳಿಸಾರು ಮಾಡಲು ಬಾರದವನಿಗೆ ಬಿಸಿಬೇಳೆಭಾತು ಮಾಡಿ ತಪ್ಪಿಸಿಕೊಳ್ಳಲು ಬರುತ್ತದೆ, ತಿಳಿಸಾರಿನಲ್ಲಿ ಬರುವುದಿಲ್ಲ. ಹೀಗಾಗಿ ಹೊಸ ಬ್ರೂಪಬ್ಬಿಗೆ ಹೋದವರು ಮೊದಲು ಪಿಲ್ಸ್‌ನರನ್ನೇ ಪರೀಕ್ಷಿಸುವುದು ಲೇಸು. ಇಲ್ಲಿಯದು ನೋಡಲು ನಿರ್ಮಲ, ಆದರೆ ಮೂಗಿಗೆ ಬಂದದ್ದು ಬೆಣ್ಣೆ ಕಾಯಿಸುವ ವಾಸನೆ. ನಮ್ಮಲ್ಲಿ ಒಬ್ಬರು ಆಹಾ ಎಂದರು. ತುಪ್ಪದ ವಾಸನೆ ಎಲ್ಲಿದ್ದರೂ ಶುಭವೆಂದು ನಂಬಿ ಬೆಳೆದವರು ನಾವೆಲ್ಲ. ಆದರೆ ಒಬ್ಬಟ್ಟಿನ ಮೇಲೆ ಭೂಷಣವಾದದ್ದು ಪಿಲ್ಸ್‌ನರಿನಲ್ಲಿ ದೂಷಣ. ಹುದುಗುವಾಗ ಯೀಸ್ಟೇ ಹುಟ್ಟಿಸುವ ಡಯಾಸಿಟೈಲ್ ಎಂಬ ವಸ್ತುವಿನ ವಾಸನೆ ಅದು. ಇನ್ನು ಕೆಲವು ದಿನ ಬಿಟ್ಟಿದ್ದರೆ ಯೀಸ್ಟೇ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಅಂದರೆ ಇದು ಬಹುಮಟ್ಟಿಗೆ ಅವಸರದ ವಾಸನೆ. ಇರುವ ನಾಲ್ಕಾರು ತೊಟ್ಟಿಗಳಲ್ಲಿ ಒಂದನ್ನು ವಾರಗಟ್ಟಲೆ ಸುಮ್ಮನೆ ಮಲಗಿಸುವುದು ಸಣ್ಣ ವ್ಯಾಪಾರಕ್ಕೆ ಕಷ್ಟವೆಂಬುದು ನಮಗೂ ಗೊತ್ತು. ಹಾಗಾದರೆ ಲಾಗರ್ ಮಾಡಬಾರದು. ಅಂಕ 26.

ಮೂರನೆಯದು ಇಂಡಿಯಾ ಪೇಲ್ ಏಲ್. ಹೆಸರಿನಲ್ಲಿ ಮಾತ್ರ ಇಂಡಿಯಾ. ಇಲ್ಲಿದ್ದ ಬಿಳಿಯರಿಗಾಗಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದ ಬಿಯರಿನ ವಂಶ. ಇದರ ಪ್ರಾಣ ಹಾಪ್ಸ್. ಒಳ್ಳೆಯ ಕಹಿ ಹಾಗಲಕಾಯಿಯ ಗೊಜ್ಜಿನಂತಿರಬೇಕು. ಕಹಿ ಇದೆ, ಆದರೆ ಬೆಲ್ಲವೂ ಹುಣಿಸೆಯೂ ಅದರ ಎರಡು ಕೈ ಹಿಡಿದಿವೆ. ಬಿಯರಿನಲ್ಲಿ ಆ ಕೈ ಮಾಲ್ಟಿನದು. ಇಲ್ಲಿ ಕಹಿ ಒಬ್ಬಂಟಿಯಾಗಿ ನಾಲಗೆಯ ಬುಡದಲ್ಲಿ ಕುಳಿತು ಏಳಲೇ ಇಲ್ಲ. ಇರಬೇಕಾದ ಕಿತ್ತಳೆಸಿಪ್ಪೆಯ ಪರಿಮಳ ಮಾತ್ರ ಇಲ್ಲ. ಹಾಪ್ಸ್ ಬಿಸಿಲಿಗೂ ಗಾಳಿಗೂ ಕಾಲಕ್ಕೂ ಸೋಲುವ ಹೂವು. ಹಳತಾದರೆ ಪರಿಮಳ ಹೋಗಿ ಒರಟು ಕಹಿ ಉಳಿಯುತ್ತದೆ. ಅಂಕ 24.

ನಾಲ್ಕನೆಯದು ಸ್ಟೌಟ್, ಕಪ್ಪು ಬಿಯರ್. ಹುರಿದ ಬಾರ್ಲಿಯಿಂದ ಬಂದ ಬಣ್ಣ, ಕಾಫಿಯನ್ನು ನೆನಪಿಸುವ ರುಚಿ. ಕಾಫಿಬೀಜವನ್ನು ಮನೆಯಲ್ಲೇ ಹುರಿದವರಿಗೆ 'ಹುರಿದದ್ದು' ಮತ್ತು 'ಸೀದದ್ದು' ಇವೆರಡರ ನಡುವಿನ ಗೆರೆ ಎಷ್ಟು ಸಣ್ಣದೆಂದು ಗೊತ್ತು. ಇದು ಆ ಗೆರೆಯ ಈಚೆಗೇ ನಿಂತಿತ್ತು. ತುಸು ನೀರು ನೀರು ಎನಿಸಿದ್ದೇ ಕೊರತೆ. ಅಂಕ 34.

ಐದನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪಟ್ಟಿಯಲ್ಲಿ ಅದರ ಹೆಸರು 'ನಾಚಣಿ ಏಲ್', ನಮ್ಮ ಭಾಷೆಯಲ್ಲಿ ರಾಗಿಯ ಬಿಯರ್. ಹೆಸರು ಕೇಳಿದ ಕೂಡಲೇ ನಾಲ್ವರ ಬೆನ್ನೂ ನೆಟ್ಟಗಾಯಿತು. ಮುದ್ದೆ ತಿಂದು ಬೆಳೆದ ನಾಡಿನವರು, ಹೊರನಾಡಿನಲ್ಲಿ ರಾಗಿಯ ಹೆಸರು ಕಂಡರೆ ಊರಿನವರು ಸಿಕ್ಕಷ್ಟೇ ಸಂತೋಷ. ವಿಮರ್ಶಕನಿಗೆ ಅತ್ಯಂತ ಅಪಾಯದ ಗಳಿಗೆ ಇದೇ. ನಮ್ಮದು ಎಂಬ ಮಮತೆ ಲೋಟದಲ್ಲಿ ಮೊದಲೇ ತುಂಬಿಬಿಟ್ಟರೆ ಬಿಯರಿಗೆ ಜಾಗವೆಲ್ಲಿ?

ಮೂಗಿಗೆ ಹಿಡಿದಾಗ ಬಂದದ್ದು ಏಲಕ್ಕಿ. ಬಾಯಿಗಿಟ್ಟಾಗ ಬೆಲ್ಲ. ರಾಗಿ ಎಲ್ಲಿ? ಮುದ್ದೆ ಬೇಯುವಾಗ ಮನೆ ತುಂಬುವ ಆ ಮಣ್ಣಿನ ಕಂಪು, ಹುರಿಹಿಟ್ಟಿನ ಆ ಬೆಚ್ಚನೆಯ ಸೊಗಡು, ಯಾವುದೂ ಇಲ್ಲ. ವಿಚಾರಿಸಿದಾಗ ಕಾಳಿನಲ್ಲಿ ರಾಗಿಯ ಪಾಲು ಹತ್ತರಲ್ಲಿ ಒಂದೆಂದು ತಿಳಿಯಿತು. ಬೆಲೆ ಮಾತ್ರ ಉಳಿದವಕ್ಕಿಂತ ಐವತ್ತು ರೂಪಾಯಿ ಹೆಚ್ಚು. ಅಂಕ 22. ಬಾರ್ಲಿಯ ಹೊಟ್ಟು ಸೋಸುವಾಗ ಜರಡಿಯ ಕೆಲಸ ಮಾಡುತ್ತದೆ, ಸಣ್ಣಕಾಳಿನ ರಾಗಿಗೆ ಆ ಅನುಕೂಲವಿಲ್ಲ, ನಿಜ. ಆದರೆ ಸಿಕ್ಕಿಂ ಮತ್ತು ಪೂರ್ವ ನೇಪಾಳದ ಜನ ಹುದುಗಿಸಿದ ರಾಗಿಯನ್ನೇ ಬಿದಿರಿನ ಪಾತ್ರೆಗೆ ತುಂಬಿ, ಬಿಸಿನೀರು ಹೊಯ್ದು, ಕೊಳವೆಯಲ್ಲಿ ಹೀರುವ ತೊಂಗ್ಬಾ ಎಂಬ ಪಾನೀಯ ಮಾಡುತ್ತಾರೆ. ಅಲ್ಲಿ ರಾಗಿಯೇ ಯಜಮಾನ. ಇಲ್ಲಿ ರಾಗಿ ಮದುವೆಯ ಕರೆಯೋಲೆಯಲ್ಲಿ ಹೆಸರಿದ್ದು ಮಂಟಪದಲ್ಲಿ ಕಾಣದ ನೆಂಟ. ರಾಗಿಯ ಮೇಲೆ ನಿಜವಾದ ಅಭಿಮಾನವಿರುವವರು ಇದನ್ನು ಹೊಗಳಬಾರದು. ಏಲಕ್ಕಿ ತೆಗೆಯಿರಿ, ಮೊಳಕೆಯ ರಾಗಿಯನ್ನು ಚೆನ್ನಾಗಿ ಹುರಿಯಿರಿ, ಪಾಲನ್ನು ಏರಿಸಿರಿ ಎಂದು ಕೇಳಬೇಕು. ಹೊಗಳಿಕೆಯಿಂದ ಒಂದು ಸಂಜೆ ಸುಖವಾಗಿ ಕಳೆಯುತ್ತದೆ. ಇಂಥ ಬೇಡಿಕೆಯಿಂದ ಮುಂದಿನ ಹಂಡೆ ಸುಧಾರಿಸುತ್ತದೆ.

ಹೀಗೆ ಕೇಳಲು ಮಾತು ಬೇಕು. ಆ ಮಾತು ನಮ್ಮಲ್ಲಿ ಇಲ್ಲವೆ? ಕಹಿ ಬೇರೆ, ಒಗರು ಬೇರೆ ಎಂಬುದನ್ನು ಹೊಸ ಪರೀಕ್ಷಕರಿಗೆ ಪಾಠ ಹೇಳಿ ಕಲಿಸಬೇಕಾಗುತ್ತದೆ. ಹಸಿ ಅಡಕೆ ಜಗಿದ ಕನ್ನಡಿಗನಿಗೆ ಆ ಪಾಠ ಬೇಡ. ಗಾಳಿ ತಾಗಿ ಹಳತಾದ ಬಿಯರಿನ ಒದ್ದೆ ರಟ್ಟಿನ ವಾಸನೆಗೆ 'ಮುಗ್ಗು' ಎನ್ನಬಹುದು, ಲೋಹದ ರುಚಿಗೆ 'ಕಿಲುಬು' ಎನ್ನಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಹಿಟ್ಟು 'ಹುಳಿ ಬಂದಿದೆ' ಎಂದರೆ ಗೃಹಿಣಿಗೆ ಸಂತೋಷ, ಅನ್ನ 'ಹಳಸಿದೆ' ಎಂದರೆ ವ್ಯಸನ. ಎರಡೂ ಕಣ್ಣಿಗೆ ಕಾಣದ ಜೀವಿಗಳ ಕೆಲಸವೇ. ಒಂದನ್ನು ಒಲಿಸಿಕೊಂಡು ಇನ್ನೊಂದನ್ನು ದೂರವಿಡುವುದೇ ಬಿಯರ್ ಮಾಡುವವನ ವಿದ್ಯೆ. ಎರಡನ್ನೂ ಗುರುತಿಸಿ ಹೇಳುವುದೇ ರುಚಿ ನೋಡುವವನ ವಿದ್ಯೆ. ನಮ್ಮ ಅಜ್ಜಿಯರು ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಒಂದೇ ಉಸಿರಿನಲ್ಲಿ ಈ ತೀರ್ಪು ಕೊಡುತ್ತಿದ್ದರು.

ಹೊರನಾಡಿನಲ್ಲಿ ಬೆಳೆದ ಮಕ್ಕಳ ಬಾಯಲ್ಲಿ ಕನ್ನಡ ಉಳಿಯಬೇಕೆಂದು ನಾವು ಭಾಷಣ ಮಾಡುತ್ತೇವೆ. ಮಾತು ಉಳಿಯುವುದು ಭಾಷಣದಿಂದಲ್ಲ, ಬಳಕೆಯಿಂದ. 'ಒಗರು', 'ಮುಗ್ಗು', 'ಹದ' ಎಂಬ ಮಾತುಗಳು ಅಡುಗೆಮನೆಯಿಂದ ಇವರ ಮೇಜಿಗೂ ಬರಲಿ, ಅಲ್ಲಿರುವುದು ಬಿಯರೋ ಕಾಫಿಯೋ ಬರಿಯ ಮಜ್ಜಿಗೆಯೋ ಆಗಿರಲಿ. ನೊರೆಯನ್ನು ಮೆಚ್ಚಲು ಕಣ್ಣು ಸಾಕು. ನೊರೆ ಇಳಿದ ಮೇಲೆ ಏನು ಉಳಿಯಿತೆಂದು ಹೇಳಲು ನಾಲಗೆ ಬೇಕು, ಆ ನಾಲಗೆಗೆ ತನ್ನದೊಂದು ಭಾಷೆಯೂ ಬೇಕು.