‘ಬಹುದು’ ಎಂಬ ಮಾತು

ಬೆಂಗಳೂರಿನ ಕಂಪನಿ ಕೆಲಸದಲ್ಲಿ ಬಳಲಿ, ರಜೆ ಹಾಕಿ ಐರಣಿಗೆ ಬಂದಾಗ ಚೀಲದಲ್ಲಿದ್ದದ್ದು ನೇಮಿಚಂದ್ರರ ‘ಬದುಕು ಬದಲಿಸಬಹುದು’. ಪುಸ್ತಕ ಧೈರ್ಯ ಕೊಡುತ್ತದೆ, ನಿಜ. ಆದರೆ ಶೀರ್ಷಿಕೆಯ ಆ ‘ಬಹುದು’ ನನ್ನನ್ನು ಕಾಡಿತು. ಹೊಳೆದಂಡೆಯಲ್ಲಿ ಓದುತ್ತ ಕೂತವಳನ್ನು ಅವ್ವ ಕೇಳಿದಳು: “ಪಗಾರ ಬಿಟ್ಟರ ಮುಂದ ಹೆಂಗವಾ?”

ಉತ್ತರ ಸಿಕ್ಕಿದ್ದು ಪುಟಗಳಿಗಿಂತ ಹೆಚ್ಚಾಗಿ ಲೇಖಕಿಯ ಬಾಳಿನಲ್ಲಿ. ಎಚ್.ಎ.ಎಲ್.ನಲ್ಲಿ ಇಂಜಿನಿಯರಾಗಿದ್ದುಕೊಂಡೇ ಅವರು ಕಥೆ, ಪ್ರವಾಸಕಥನ ಬರೆದರು. 2007ರಲ್ಲಿ ‘ಯಾದ್ ವಶೇಮ್’ ಕಾದಂಬರಿ ಬಂತು. ಸ್ಫೂರ್ತಿಯ ಮಾತಿಗಿಂತ ಈ ಜೋಡಿ ದುಡಿಮೆಯ ಲೆಕ್ಕವೇ ನಮ್ಮಂಥವರಿಗೆ ಬೇಕಾದ್ದು.

ಹಾಳೆಯ ಮೇಲೆ ನನ್ನದನ್ನೂ ಬರೆದೆ: ವಾರಕ್ಕೆರಡು ದಿನ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕಪತ್ರ, ಸಂಜೆ ಮಕ್ಕಳಿಗೆ ಪಾಠ, ಬೆಳಗಿನ ಹೊತ್ತು ಅನುವಾದ. ಆರು ತಿಂಗಳ ಖರ್ಚು ಕೂಡಿಬೀಳುವವರೆಗೆ ರಾಜೀನಾಮೆ ಪತ್ರ ಅದೇ ಪುಸ್ತಕದೊಳಗಿರುತ್ತದೆ.