ಕದಲದೆ ಬದಲಾಗುವ ಕಾಯಿ

ಬರೀ ಅಕ್ಷರಗಳಲ್ಲಿ ನಡೆಯುವ, ಹಲವರು ಒಟ್ಟಿಗೆ ಆಡುವ ಕಂಪ್ಯೂಟರ್ ಆಟಕ್ಕೆ ಮಡ್ ಎನ್ನುತ್ತಾರೆ. ಮೊದಲನೆಯದು ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ, ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಅವರ ಕೈಯಲ್ಲಿ. ನನ್ನನ್ನು ಹೆಚ್ಚು ಸೆಳೆದಿರುವುದು ಸ್ವೀಡನ್ನಿನ ಲಾರ್ಸ್ ಪೆನ್ಸೊ 1989ರಲ್ಲಿ ರೂಪಿಸಿದ ಎಲ್‌ಪಿಮಡ್. ಆಟಗಾರ ಏನು ಮಾಡಬಲ್ಲ ಎಂಬುದನ್ನು ಅದರಲ್ಲಿ ಬಹುಮಟ್ಟಿಗೆ ಅವನ ಸುತ್ತಲಿನ ವಸ್ತುಗಳೇ ಹೇಳುತ್ತವೆ.

ನಮ್ಮ ತಿಪಟೂರು ಸೀಮೆಯ ಹೊನ್ನವಳ್ಳಿಯ ಒಂದು ತೆಂಗಿನ ತೋಟವನ್ನು ಆ ಆಟದೊಳಗೆ ಕಟ್ಟಿದೆವು ಎನ್ನಿ. ತೋಟ ಒಂದು ವಸ್ತು, ನೆಲದ ಮೇಲಿನ ಮಚ್ಚು ಒಂದು ವಸ್ತು, ಆಟಗಾರನೂ ಒಂದು ವಸ್ತು. ಆಟಗಾರ ಒಳಗೆ ಕಾಲಿಟ್ಟ ಕೂಡಲೇ ತೋಟದಲ್ಲೂ ಮಚ್ಚಿನಲ್ಲೂ ‘ಇನಿಟ್’ ಎಂಬ ತಂತ್ರಾಂಶದ ತುಣುಕು ಓಡುತ್ತದೆ. ತೋಟ ಅವನಿಗೆ ‘ಹತ್ತು’ ಎಂಬ ಆಜ್ಞೆ ಕೊಡುತ್ತದೆ, ಮಚ್ಚು ‘ಕೊಚ್ಚು’ ಎಂಬುದನ್ನು ಕೊಡುತ್ತದೆ. ಇಬ್ಬರಿದ್ದರೆ ಇಬ್ಬರಿಗೂ ಸಿಗುತ್ತದೆ. ಒಬ್ಬ ಮಚ್ಚನ್ನು ಎತ್ತಿಕೊಂಡರೆ ಇನ್ನೊಬ್ಬನಿಗೆ ಆ ಆಜ್ಞೆ ತಪ್ಪುತ್ತದೆ. ಚೀಲದೊಳಕ್ಕೆ ಹಾಕಿದರೆ ಎತ್ತಿಕೊಂಡವನಿಗೂ ಇಲ್ಲ. ತೋಟ ಬಿಟ್ಟು ಹೊರಟರೆ ‘ಹತ್ತು’ ಹಿಂದೆಯೇ ಉಳಿಯುತ್ತದೆ. ನಾಳೆ ಯಾರೋ ಕೊಬ್ಬರಿ ಅಟ್ಟವೊಂದನ್ನು ಬರೆದು ಸೇರಿಸಿದರೆ ಮೂಲ ತಂತ್ರಾಂಶವನ್ನು ಮುಟ್ಟಬೇಕಿಲ್ಲ, ಆಟ ನಿಲ್ಲಿಸಬೇಕಿಲ್ಲ. ಲೋಕ ಕಟ್ಟುವ ಅಧಿಕಾರವನ್ನು ಹೀಗೆ ಹಂಚಿದ್ದು ದೊಡ್ಡ ಸಾಧನೆ.

ಆದರೆ ಆ ಅಟ್ಟದ ಮೇಲೆಯೇ ಈ ನಿಯಮ ಸೋಲುತ್ತದೆ. ನಮ್ಮ ಸೀಮೆಯಲ್ಲಿ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಕೂರುತ್ತದೆ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಈ ಬದಲಾವಣೆಗೆ ಕಾಯಿ ಒಂದಿಂಚೂ ಕದಲಬೇಕಿಲ್ಲ. ‘ಇನಿಟ್’ ಓಡುವುದೋ, ಏನಾದರೂ ಕದಲಿದಾಗ ಮಾತ್ರ. ಹಾಗಾಗಿ ಅಟ್ಟದಲ್ಲೇ ನಿಂತ ಆಟಗಾರನಿಗೆ ಎದುರಿನ ಕಾಯಿ ಕೊಬ್ಬರಿಯಾದದ್ದು ಆಜ್ಞೆಯಾಗಿ ತಲುಪುವುದಿಲ್ಲ. ಅವನು ಇಳಿದು ಮತ್ತೆ ಹತ್ತಬೇಕು, ಇಲ್ಲವೇ ಬರೆದವರು ಬೇರೆ ಉಪಾಯ ಹೂಡಬೇಕು. ಆಜ್ಞೆಗಳ ಪಟ್ಟಿ ಮೊದಲೇ ಸಿದ್ಧವಿರುವುದರಿಂದ ಆಟಗಾರ ಬರೆದಾಗ ಹುಡುಕಾಟ ಕಡಿಮೆ, ನಿಜ. ಆದರೆ ಚಲನೆಯೊಂದನ್ನೇ ಬದಲಾವಣೆ ಎಂದೆಣಿಸುವ ಲೋಕದಲ್ಲಿ ಮಾಗುವುದಕ್ಕೆ, ಒಣಗುವುದಕ್ಕೆ, ಕೊಳೆಯುವುದಕ್ಕೆ ಜಾಗವಿಲ್ಲ. ಇನ್ನೊಂದು ಅಪಾಯವೂ ಇದೆ: ಪಕ್ಕದಲ್ಲಿಟ್ಟ ವಸ್ತುವೊಂದು ಖಾಲಿ ಹೆಸರಿನ ಆಜ್ಞೆ ಸೇರಿಸಿ, ಆಟಗಾರ ಬರೆದದ್ದನ್ನೆಲ್ಲ ತಾನೇ ಹಿಡಿದುಕೊಳ್ಳಬಲ್ಲದು.

ಕ್ಸೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ 1990ರಲ್ಲಿ ತೆರೆದ ಲ್ಯಾಂಬ್ಡಾಮೂ ಎಂಬ ಮಡ್ ಬೇರೆ ದಾರಿ ಹಿಡಿಯಿತು. ಅಲ್ಲಿ ಆಜ್ಞೆ ಬರೆದ ಗಳಿಗೆಯಲ್ಲೇ ಆಟಗಾರ, ಸ್ಥಳ, ಹೆಸರಿಸಿದ ವಸ್ತುಗಳು ಎಂಬ ಕ್ರಮದಲ್ಲಿ ಹುಡುಕಾಟ ನಡೆಯುತ್ತದೆ. ಮಡ್ ಕಟ್ಟಲು ಇಂದು ಬಳಸುವ ಎವೆನಿಯಾ ಎಂಬ ತಂತ್ರಾಂಶ ಕೂಡ ಅದೇ ಗಳಿಗೆಯಲ್ಲಿ ಸುತ್ತಲಿನ ವಸ್ತುಗಳ ಆಜ್ಞೆಗಳನ್ನು ಕಲೆಹಾಕಿ, ಒಂದೇ ಹೆಸರಿನವು ಡಿಕ್ಕಿಯಾದರೆ ಆದ್ಯತೆ ನೋಡುತ್ತದೆ. ಕೊಬ್ಬರಿಗೆ ನ್ಯಾಯ ಸಿಗುವುದು ಇಲ್ಲಿ.

ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. ಎಲ್‌ಪಿಮಡ್ಡೂ ಲ್ಯಾಂಬ್ಡಾಮೂವೂ ಮೊದಲ ಪದವನ್ನೇ ಕ್ರಿಯೆ ಎಂದು ಹಿಡಿಯುತ್ತವೆ. ‘ಮಚ್ಚಿನಿಂದ ಕಾಯಿ ಒಡೆ’ ಎಂದರೆ ಅವು ‘ಮಚ್ಚಿನಿಂದ’ ಎಂಬ ಕ್ರಿಯೆ ಹುಡುಕುತ್ತವೆ. ಎವೆನಿಯಾದಲ್ಲಿ ವಾಕ್ಯ ಬಿಡಿಸುವ ಭಾಗವನ್ನೇ ಬದಲಿಸಬಹುದು. ಕೊನೆಯ ಪದವನ್ನು ಕ್ರಿಯೆಯಾಗಿ ಓದಿಸಿ, ‘ಮಚ್ಚಿನಿಂದ’ದ ವಿಭಕ್ತಿ ಕಳಚಿ ಮಚ್ಚನ್ನು ಗುರುತಿಸುವಂತೆ ಬರೆಯಬಹುದು. ಎವೆನಿಯಾ ಪೈಥಾನ್ ಭಾಷೆಯಲ್ಲಿದೆ, ಉಚಿತವಾಗಿ ಸಿಗುತ್ತದೆ. ತಿಪಟೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಲಿ. ಮೊದಲು ಒಂದು ಅಟ್ಟ, ಒಂದು ರಾಶಿ ಕಾಯಿ ಬರೆಯಿರಿ. ಆಜ್ಞೆಗಳೆಲ್ಲ ಕನ್ನಡದಲ್ಲೇ ಇರಲಿ.